ಒಂಬತ್ತನೇ ಸಾಲು

ಗಂಡನ ಉತ್ತರಕ್ರಿಯೆ ಕಳೆದು, ಬೊಜ್ಜದ ಊಟ ಮುಗಿಸಿ ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ವಿಜೇತಾ ಅಭ್ಯಾಸಬಲದಿಂದ ಎರಡು ಲೋಟ ಚಹಾ ಸೋಸಿದಳು. ಎರಡನೆಯದನ್ನು ನಿಝಾರ್ ಕುಡಿದ.

ಅವಳ ಗಂಡ ಉಜ್ವಲ್‌ನ ಜೊತೆ ಮೂಡುಬಿದಿರೆಯಲ್ಲಿ ರಕ್ತದಾನಿಗಳ ಬಳಗ ನಡೆಸುತ್ತಿದ್ದವನು ಈ ನಿಝಾರ್. ಬಳಗದ ಲ್ಯಾಪ್‌ಟಾಪೂ ಮೊಬೈಲೂ ಈ ಮನೆಯಲ್ಲೇ ಉಳಿದಿದ್ದವು. ಅವೆರಡನ್ನೂ ಸಂಕೋಚಪಡುತ್ತಲೇ ಕೇಳಿದ. ಹಾಗೆಯೇ ಪಟ್ಟಿಯಲ್ಲಿ ಯಾವ್ಯಾವ ರಕ್ತದ ಗುಂಪಿನವರು ಎಷ್ಟು ಮಂದಿ ಇದ್ದಾರೆಂದು ತೆಗೆದುಕೊಡಬಹುದೇ ಎಂದ. ಎಂಸಿಎ ಓದಿದವಳಿಗೆ ಅದು ಒಂದೇ ಸಾಲಿನ ಕೆಲಸ.

ಮೊಬೈಲ್ ಕಪಾಟಿನಲ್ಲಿ, ಸೀರೆಗಳ ಅಡಿಯಲ್ಲಿತ್ತು. ಅದರಲ್ಲಿ ಉಜ್ವಲ್ ಪ್ರತಿಯೊಬ್ಬರ ಹೆಸರಿನ ಜೊತೆ ಅವರ ಊರು ಸೇರಿಸಿಡುತ್ತಿದ್ದ. ಹುಕ್ರಪ್ಪ ಕಕ್ಕಿಂಜೆ. ಉಝ್ಮಾ ಮಿಜಾರು. ಸಜ್ನಾ ಬಾಂಬೆ.

ಈ ಕೊನೆಯವಳ ಕರೆ ಬಂದರೆ ಮಾತ್ರ ಅಂಗಳಕ್ಕಿಳಿದು ಮಾತಾಡುತ್ತಿದ್ದ. ಯಾರೆಂದು ಕೇಳಿದ್ದಕ್ಕೆ, "ಹೇಳಿದ್ರೆ ನೀನು ಸುಮ್ಮನೆ ತಲೆಬಿಸಿ ಮಾಡ್ತಿ. ಒಂದು ದಿನ ಹೇಳ್ತೇನೆ" ಎಂದಿದ್ದ.

ಆ ದಿನ ಬರುವ ಮೊದಲೇ ಅವನ ಬೈಕಿಗೆ ಲಾರಿ ಬಡಿಯಿತು. ಹೊಂದುವ ರಕ್ತ ಸಿಗುತ್ತಿಲ್ಲವೆಂದು ಡಾಕ್ಟರು ಹೇಳಿಹೋದರು. ಲೈಸೆನ್ಸಿನಲ್ಲಿದ್ದದ್ದು ಓ ಪಾಸಿಟಿವ್. ಬೀದಿಬೀದಿಯಲ್ಲಿ ಸಿಗುವ ರಕ್ತ ಇವರಿಗೇಕೆ ಸಿಗುವುದಿಲ್ಲವೆಂದು ಅವಳು ರೇಗುತ್ತಿರುವಾಗ ಕೈಯಲ್ಲಿದ್ದ ಇದೇ ಮೊಬೈಲ್ ರಿಂಗಾಯಿತು. ಸಜ್ನಾ ಬಾಂಬೆ. ಮೂರು ಸಲ. ನಾಲ್ಕನೇ ಸಲ ಆಗಲಿಲ್ಲ.

ವಿಜೇತಾ ಲ್ಯಾಪ್‌ಟಾಪ್ ತೆರೆದಳು. ನಿಝಾರ್ ಕೇಳಿದ್ದಕ್ಕಿಂತ ಮೊದಲು, ಅವನಿಗೆ ಕಾಣದಂತೆ, ಊರಿನ ಕಾಲಂ ಅನ್ನು ಗ್ರೂಪ್ ಮಾಡಿದಳು. ಮುನ್ನೂರು ಚಿಲ್ಲರೆ ಸಾಲುಗಳು ಕುಗ್ಗಿ, ಒಂದೊಂದು ಊರು ಒಂದೊಂದೇ ಸಲ ಬಂತು. ಕಕ್ಕಿಂಜೆ, ಬಂಟ್ವಾಳ, ಬೆಳ್ತಂಗಡಿ, ಮಿಜಾರು, ಮೂಡುಬಿದಿರೆ, ಶಿರ್ತಾಡಿ. ಬಾಂಬೆ ಇರಲಿಲ್ಲ. ಹಾಗಾದರೆ ಅವಳು ರಕ್ತ ಕೊಡುವವಳೂ ಅಲ್ಲ. ಸತ್ತವನ ಗುಟ್ಟನ್ನು ಹೀಗೆ ಕೆದಕುವುದಕ್ಕೆ ನಾಚಿಕೆಯಾಯಿತು. ಆದರೂ ಅನುಮಾನ ಗಟ್ಟಿಯಾಯಿತು.

ಆಮೇಲೆ ರಕ್ತದ ಗುಂಪಿನ ಕಾಲಂ. ಎಂಟು ಸಾಲು ಬರಬೇಕಿತ್ತು. ಒಂಬತ್ತು ಬಂತು. ಕೊನೆಯದು: ಬಾಂಬೆ, 2.

"ಊರಿನ ಹೆಸರು ತಪ್ಪಿ ಇಲ್ಲಿ ಬಿದ್ದಿದೆ. ಅಳಿಸ್ತೇನೆ" ಎಂದಳು.

"ಬೇಡ ಅಕ್ಕ. ಅದು ಊರಲ್ಲ, ಬ್ಲಡ್ ಗ್ರೂಪೇ. ಮಾಮೂಲು ಟೆಸ್ಟಲ್ಲಿ ಓ ಅಂತಲೇ ತೋರಿಸ್ತದೆ. ಆದ್ರೆ ಅವರಿಗೆ ಅದೇ ಗ್ರೂಪಿನವರ ರಕ್ತ ಆಗ್ಬೇಕು, ಬೇರೆ ಯಾರದ್ದೂ ಆಗುದಿಲ್ಲ. ನಮ್ಮ ಪಟ್ಟಿಯಲ್ಲಿ ಇದ್ದದ್ದೇ ಇಬ್ಬರು. ಒಬ್ಬಳು ಬೆಳ್ತಂಗಡಿಯ ಸಜ್ನಾ."

"ಇನ್ನೊಬ್ಬರು?"

ನಿಝಾರ್ ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ನೋಡಿದ. "ಆವತ್ತು ಸುದ್ದಿ ಗೊತ್ತಾದ ಕೂಡಲೇ ಅವಳು ಹೊರಟಿದ್ದಳು ಅಕ್ಕ. ಯಾವ ಆಸ್ಪತ್ರೆ ಅಂತ ಗೊತ್ತಾಗದೆ ಬಂಟ್ವಾಳದಲ್ಲಿ ಅಳ್ತಾ ನಿಂತಿದ್ದಳಂತೆ. ನಾನು ಊರಲ್ಲಿರಲಿಲ್ಲ, ನನಗೆ ಗೊತ್ತಾಗುವಾಗ ಎಲ್ಲ ಮುಗಿದಿತ್ತು."

ವಿಜೇತಾ ಎದ್ದು ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಮೊಬೈಲ್ ತಂದು ಅವನ ಕೈಗಿಟ್ಟಳು. ಅವನು ಒತ್ತಿ ನೋಡಿದ. ಪರದೆ ಕಪ್ಪಾಗಿಯೇ ಇತ್ತು.

"ಚಾರ್ಜ್ ಮುಗಿದಿದೆಯಾ?"

"ಇಲ್ಲ" ಎಂದಳು. "ಆವತ್ತು ಮೂರನೇ ರಿಂಗಿಗೆ ನಾನೇ ಆಫ್ ಮಾಡಿದ್ದು."