ಬಾಗಿಲಾಚೆ ಕೂತವನು

"ನಾವು ಕೇಳಿದ್ದೆಲ್ಲ ಸಿಕ್ಕಿದೆ," ಎಂದ ಐಲರ್ಟ್.

ಶಾಲೆಯ ಸಭಾಂಗಣದ ಹಿಂದಿನ ಸಾಲಿನಲ್ಲಿ ಅವನ ಭಾವ ಹಾಗ್ಬಾರ್ತ್ ಎದ್ದು ನಿಂತ. "ಏನು ಕೇಳಿದ್ರಿ ಅಂತ ಮೊದ್ಲು ಹೇಳಯ್ಯ. ಏನೂ ಕೇಳ್ದೆ ಸುಮ್ನಿದ್ದೋನಿಗೂ ಕೇಳಿದ್ದೆಲ್ಲ ಸಿಕ್ಕಿರತ್ತೆ!"

ಸಭೆ ಗೊಳ್ಳೆಂದು ನಕ್ಕಿತು. ತೊಂಬತ್ನಾಲ್ಕರ ನವೆಂಬರ್ ಅದು. ಯುರೋಪಿನ ಒಕ್ಕೂಟಕ್ಕೆ ಸೇರಬೇಕೇ ಬೇಡವೇ ಎಂದು ನಾರ್ವೆ ಮತ ಹಾಕಲು ಇನ್ನು ಒಂದೇ ವಾರ ಉಳಿದಿತ್ತು. ಮಂತ್ರಿಗಳ ಜೊತೆ ಬ್ರಸೆಲ್ಸ್‌ಗೆ ಮಾತುಕತೆಗೆ ಹೋದ ಅಧಿಕಾರಿಗಳಲ್ಲಿ ನಮ್ಮ ಐಲರ್ಟನೂ ಇದ್ದಾನೆ ಎನ್ನುವುದು ಮೊದಮೊದಲು ಈ ದ್ವೀಪಕ್ಕೆ ಹೆಮ್ಮೆಯಾಗಿತ್ತು. ಈಗ ಊರವರ ಕಣ್ಣಲ್ಲಿ ಅವನು ನಮ್ಮ ಕಡಲಿನ ಮೀನನ್ನು ಹೊರಗಿನವರಿಗೆ ಮಾರಿಕೊಂಡು ಬಂದವನಾಗಿದ್ದ. ಬೆಳಿಗ್ಗೆ ಹಡಗಿನಿಂದ ದಕ್ಕೆಗೆ ಇಳಿದಾಗ ಅವನ ಚೀಲ ಎತ್ತಿಕೊಡಲು ಒಂದು ಕೈಯೂ ಮುಂದೆ ಬಂದಿರಲಿಲ್ಲ.

"ಸ್ಪೇನಿನವರ ದೊಡ್ಡ ಹಡಗು ನಮ್ಮ ನೀರಿಗೆ ಬರತ್ತೋ ಇಲ್ವೋ? ಅಷ್ಟು ಹೇಳು."

"ಸದ್ಯಕ್ಕೆ ಬರಲ್ಲ, ಭಾವ."

"ಸದ್ಯಕ್ಕೆ ಅಂದ್ರೆ? ಈ ಕಾಫಿ ಆರೋವರೆಗಾ?"

ಮತ್ತೆ ನಗು. ಗೋಡೆಯ ಬಳಿ ಕಾಫಿ ಕೆಟಲ್ ಹಿಡಿದು ನಿಂತಿದ್ದ ಓಡ್ನಿ ತಲೆ ತಗ್ಗಿಸಿದಳು. ಎದ್ದವನು ಗಂಡ, ಬೆವರುತ್ತಿದ್ದವನು ತಮ್ಮ. ಯಾರ ಕಡೆ ನೋಡಿದರೂ ಇನ್ನೊಬ್ಬರಿಗೆ ದ್ರೋಹ ಮಾಡಿದಂತೆ.

ಮನೆಯಲ್ಲಿ ಊಟಕ್ಕೆ ಅವಳು ಕಾಡ್ ಮೀನು ಬೇಯಿಸಿ, ಅದರ ಈಲಿಯನ್ನೂ ಆಲೂಗಡ್ಡೆಯನ್ನೂ ಪಕ್ಕದಲ್ಲಿಟ್ಟಿದ್ದಳು. ತಮ್ಮನಿಗೆ ಚಿಕ್ಕಂದಿನಿಂದಲೂ ಇದೆಂದರೆ ಪ್ರಾಣ. ಹಾಗ್ಬಾರ್ತ್ ತಟ್ಟೆ ಬಿಟ್ಟು ಕಣ್ಣೆತ್ತಲಿಲ್ಲ. ಉಪ್ಪು ಬೇಕಾದಾಗಲೂ ಹೆಂಡತಿಯನ್ನೇ ಕೇಳಿದ, ಅದು ಐಲರ್ಟನ ಕೈಯಳತೆಯಲ್ಲೇ ಇತ್ತು. ಗಾಳಿ ಎದ್ದಿದೆ, ದೋಣಿಯ ಹಗ್ಗ ನೋಡಿ ಬರ್ತೀನಿ ಎಂದು ಅರ್ಧಕ್ಕೇ ಎದ್ದು ಹೋದ.

"ನಂಗಾದ್ರೂ ನಿಜ ಹೇಳೋ," ಎಂದಳು ಓಡ್ನಿ. "ಆ ಮಾತುಕತೇಲಿ ಒಳಗೆ ಏನಾಯ್ತು?"

ಐಲರ್ಟ್ ಮೀನಿನ ಮುಳ್ಳನ್ನು ತಟ್ಟೆಯಂಚಿಗೆ ಸಾಲಾಗಿ ಜೋಡಿಸುತ್ತ ಕೂತ. "ಕೊನೇ ದಿನ ನಾನು ಒಳಗೇ ಇರ್ಲಿಲ್ಲ ಅಕ್ಕ. ಬಾಗಿಲಾಚೆ ಕುರ್ಚಿ ಹಾಕ್ಕೊಂಡು ಕೂತಿದ್ದೆ. ನಮ್ಮೋರು ನಗ್ತಾ ಆಚೆ ಬಂದ್ರು. ಗೆದ್ವಿ ಅಂದ್ಕೊಂಡೆ. ಅವ್ರ ಹಿಂದೇನೇ ಆ ಕಡೆಯೋರೂ ಬಂದ್ರು. ಅವ್ರೂ ನಗ್ತಿದ್ರು."

"ಹಂಗಾದ್ರೆ?"

"ಒಪ್ಪಂದದ ಕಾಗದ ಓದಿದೀನಿ. ಅಷ್ಟೂ ಓದಿದೀನಿ. ಒಂದ್ಸಲ ಓದಿದ್ರೆ ನಮ್ಗೆ ಒಳ್ಳೇದು ಅನ್ಸತ್ತೆ, ಇನ್ನೊಂದ್ಸಲ ಓದಿದ್ರೆ ಭಾವ ಹೇಳೋದೇ ಸರಿ ಅನ್ಸತ್ತೆ. ಮಂತ್ರಿಗಳಿಗೂ ಗೊತ್ತಿಲ್ಲ ಅಂತ್ಲೇ ನನ್ನ ಅನುಮಾನ."

"ಮತ್ತೆ ಅಷ್ಟು ಜನರ ಮುಂದೆ ಯಾಕೆ ಹಂಗಂದೆ?"

"ಗೊತ್ತಿಲ್ಲ ಅಂತ ಹೇಳೋಕೆ ನನ್ನ ಕಳ್ಸಿಲ್ವಲ್ಲ."

ತಮ್ಮನನ್ನು ಬೈಯಬೇಕೋ ಅಪ್ಪಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ. ತಣ್ಣಗಾಗಿದ್ದ ಮೀನನ್ನೇ ಇನ್ನೊಂದು ತುಂಡು ಬಡಿಸಿದಳು. ವಾಪಸು ಹಡಗು ಹತ್ತುವಾಗ ಅವನು ಅವಳ ಕೈ ಹಿಡಿದು, "ಭಾವಂಗೆ ಹೇಳ್ಬೇಡ," ಎಂದ.

ಅವಳು ಹೇಳುತ್ತಲೂ ಇರಲಿಲ್ಲ. ಆದರೆ ಹಾಗ್ಬಾರ್ತ್ ಗಾಳಕ್ಕೆ ಎರೆ ಚುಚ್ಚುವಾಗ, ಬಲೆ ಹೊಲಿಯುವಾಗ, ಬೂಟು ಕಳಚುವಾಗ ಕೂಡ ಅದೇ ಮಾತು: "ಎಲ್ಲಾ ಗೊತ್ತು ಅವ್ನಿಗೆ, ಬಾಯಿ ಬಿಡಲ್ಲ. ನಮ್ಮನ್ನ ಎಷ್ಟಕ್ಕೆ ಮಾರಿದಾರೆ ಅಂತ ಅವ್ರೆಲ್ರಿಗೂ ಚೆನ್ನಾಗಿ ಗೊತ್ತು." ಗುರುವಾರ ಅವಳಿಗೆ ತಡೆಯಲಾಗಲಿಲ್ಲ.

"ಅವ್ನಿಗೆ ಏನೂ ಗೊತ್ತಿಲ್ಲ! ಬಾಗಿಲಾಚೆ ಕೂತಿದ್ನಂತೆ. ಒಳಗಿದ್ದೋರಿಗೂ ಗೊತ್ತಿಲ್ವಂತೆ. ಸಾಕಾ?"

ಅವನು ದಕ್ಕೆಗೆ ಓಡಿಹೋಗಿ ಎಲ್ಲರಿಗೂ ಸಾರುತ್ತಾನೆ, ತಮ್ಮನ ನೌಕರಿ ಇವತ್ತಿಗೆ ಮುಗಿಯಿತು ಎಂದುಕೊಂಡಳು. ಹಾಗ್ಬಾರ್ತ್ ಕದಲಲಿಲ್ಲ. ಕೈಯಲ್ಲಿದ್ದ ಗಾಳವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಹಂಗಂದ್ನಾ?" ಎಂದ. ಗಾಳವನ್ನು ಕೆಳಗಿಟ್ಟು, "ಸುಳ್ಳು ಹೇಳ್ತಿದಾರೆ ಅಂದ್ಕೊಂಡಾಗ್ಲೇ ವಾಸಿ ಇತ್ತು ಕಣೆ. ನಿಜ ಯಾರ ಹತ್ರಾನೋ ಇದೆ ಅಂತಾದ್ರೂ ಇತ್ತು."

ಆಮೇಲೆ ಅವನು ಆ ವಿಷಯ ಎತ್ತಲಿಲ್ಲ. ದಕ್ಕೆಯಲ್ಲಿ ಗೆಳೆಯರು ಮಂತ್ರಿಗಳನ್ನು ಬೈಯತೊಡಗಿದರೆ ಇವನು ಎದ್ದು ದೋಣಿಯೊಳಗೆ ಹೋಗಿ ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದ. ಹುಷಾರಿಲ್ವಾ ಎಂದು ಅವರು ಓಡ್ನಿಯನ್ನು ವಿಚಾರಿಸಿದರು.

ಮತದಾನದ ದಿನ ಇಬ್ಬರೂ ಒಟ್ಟಿಗೇ ಶಾಲೆಗೆ ಹೋದರು. ಪರದೆಯ ಹಿಂದೆ ಎರಡು ಬಗೆಯ ಚೀಟಿ, ಹೌದು ಮತ್ತು ಇಲ್ಲ. ಒಂದನ್ನು ಲಕೋಟೆಗೆ ಹಾಕಿ ತಂದರಾಯಿತು. ಹಾಗ್ಬಾರ್ತ್ ಒಳಗೆ ಹೋದವನು ಹೊರಗೆ ಬರಲೇ ಇಲ್ಲ. ಸಾಲು ಬಾಗಿಲು ದಾಟಿ ಹಿಮದವರೆಗೆ ಬೆಳೆಯಿತು. ಜನ ಕೆಮ್ಮಿದರು, ಕಾಲು ಕುಟ್ಟಿದರು.

"ಏನ್ ಹಾಗ್ಬಾರ್ತ್, ಒಳಗೇನು ಮಾತುಕತೆ ನಡೀತಿದ್ಯಾ?" ಎಂದು ಯಾರೋ ಕೂಗಿದರು.

ಪರದೆ ಸರಿಯಿತು. ಯಾರ ಮುಖವನ್ನೂ ನೋಡದೆ ಅವನು ಪೆಟ್ಟಿಗೆಯ ಬಳಿ ಬಂದ. ಮೇಜಿನಾಚೆ ಕೂತಿದ್ದ ವಯಸ್ಸಾದ ಮೇಡಂ ಲಕೋಟೆಗೆ ಮುದ್ರೆಯೊತ್ತಿ ಹಿಂದಕ್ಕೆ ಕೊಟ್ಟರು. ಅವನು ಅದನ್ನು ಪೆಟ್ಟಿಗೆಯ ಸೀಳಿಗೆ ಇಳಿಸಿದ. ಅರ್ಧ ಒಳಗೆ ಹೋಯಿತು, ಇನ್ನರ್ಧ ಅವನ ಬೆರಳುಗಳಲ್ಲೇ ಉಳಿಯಿತು. ಬಲೆ ಎಳೆದು ಎಳೆದು ಒಡೆದ ದಪ್ಪ ಬೆರಳುಗಳು ಬಿಳುಪೇರುವಷ್ಟು ಬಿಗಿಯಾಗಿ ಅದನ್ನು ಹಿಡಿದಿದ್ದವು.

"ಬಿಡಿ, ಹಾಗ್ಬಾರ್ತ್," ಎಂದರು ಮೇಡಂ ಮೆಲ್ಲಗೆ. "ಕೈ ಬಿಡಿ."