ಹೊಸಬರ ಶನಿವಾರ

"ಬೂಟು ಬಿಚ್ಚು ಮಾರಾಯ. ಹಿಮ್ಮಡಿ ಇರೋ ಬೂಟಲ್ಲಿ ಈ ಹುಲ್ಲು ತುಳಿದ್ರೆ ನಮ್ಮ ಮಾಲಿ ನನ್ನ ಚರ್ಮ ಸುಲೀತಾನೆ" ಎಂದು ನಗುತ್ತ ಎದುರು ಬಂದ ಮುದುಕನನ್ನು ಕಂಡು ಕೆಲ್ವಿನ್ನನ ಮೈಯೆಲ್ಲ ಉರಿದುಹೋಯಿತು. ಹಾರ್ಕ್‌ನೆಸ್! ಹೊಳೆಯಾಚೆಯ ಕುರಿಮಾಂಸದ ಕಾರ್ಖಾನೆಗೆ ಬೀಗ ಹಾಕಿಸಿದ ಮ್ಯಾನೇಜರು. ಈಗ ಬಿಳಿ ಪ್ಯಾಂಟು, ಬಿಳಿ ಟೋಪಿ ತೊಟ್ಟು, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲಿಂಗ್ ಕ್ಲಬ್ಬಿನ ಅಧ್ಯಕ್ಷ. ಶನಿವಾರ ಹೊಸಬರಿಗೆ ಆಟ ಕಲಿಸುವ ಮೇಷ್ಟ್ರು. ಅವನ ಕೈಕೆಳಗೆ ಕೆಲ್ವಿನ್ ಇಪ್ಪತ್ತಾರು ವರ್ಷ ಕುರಿಗಳ ಮೂಳೆ ಬಿಡಿಸಿದ್ದ. ಅಲ್ಲಿ ಎಲ್ಲರ ತಲೆಗೂ ಬಿಳಿ ಬಟ್ಟೆ, ಮೂಗಿಗೂ ಬಿಳಿ ಬಟ್ಟೆ. ಮುದುಕನಿಗೆ ಗುರುತೇ ಸಿಗಲಿಲ್ಲ.

ಕೆಲ್ವಿನ್ ಹಿಂತಿರುಗಿ ನೋಡಿದ. ಅವನನ್ನು ಇಲ್ಲಿಗೆ ಎಳೆದುತಂದ ಹೆಂಡತಿ ಗ್ಲೆನಿಸ್ ಆಗಲೇ ಪಕ್ಕದ ಕ್ರೋಕೆ ಅಂಗಳ ಸೇರಿದ್ದಳು. ಉದ್ದ ಹಿಡಿಯ ಮರದ ಸುತ್ತಿಗೆಯಿಂದ ನೀಲಿ ಚೆಂಡನ್ನು ಕಬ್ಬಿಣದ ಕಮಾನಿನೊಳಗೆ ತೂರಿಸಲು ಹೋಗಿ ಕಮಾನನ್ನೇ ಕೆಡವಿ, ಬಿದ್ದು ಬಿದ್ದು ನಗುತ್ತಿದ್ದಳು. ಅವಳು ಹೀಗೆ ನಕ್ಕು ಎಷ್ಟು ದಿನವಾಗಿತ್ತೋ. ಕೆಲ್ವಿನ್ ಬೂಟು ಬಿಚ್ಚಿದ.

"ಈ ಚೆಂಡು ಪೂರ್ತಿ ದುಂಡಗಿಲ್ಲ, ನೋಡು. ಚಿಕ್ಕ ಗುರುತಿರೋ ಮಗ್ಗುಲಿಗೇ ತಿರುಗತ್ತೆ" ಎಂದು ಹಾರ್ಕ್‌ನೆಸ್ ಕಪ್ಪು ಚೆಂಡನ್ನು ಅವನ ಅಂಗೈಯಲ್ಲಿಟ್ಟ. "ಅಲ್ಲಿ ಬಿಳಿ ಚೆಂಡು ಕಾಣ್ತಿದೆಯಲ್ಲ, ಪುಟ್ಟದು, ನಿನ್ನ ಚೆಂಡು ಅದರ ಹತ್ರ ಹೋಗಿ ನಿಲ್ಲಬೇಕು, ಅಷ್ಟೇ. ಮೊಣಕಾಲು ಬಗ್ಗಿಸು. ಮೆಲ್ಲಗೆ ಬಿಡು. ಆತುರ ಬೇಡ."

ಮೊದಲ ಚೆಂಡು ಅಡ್ಡದಾರಿ ಹಿಡಿದು ಪಕ್ಕದ ಸಾಲಿಗೆ ಹೋಯಿತು. ಎರಡನೆಯದು ಅರ್ಧದಲ್ಲೇ ನಿಂತಿತು. "ಪರವಾಗಿಲ್ಲ, ಕೈ ಕುದುರುತ್ತೆ" ಎಂದ ಹಾರ್ಕ್‌ನೆಸ್, ಖಾಲಿ ಬಿದ್ದಿದ್ದ ಉಳಿದ ಸಾಲುಗಳತ್ತ ನೋಡಿ ನಿಟ್ಟುಸಿರು ಬಿಟ್ಟ. "ನಿಮ್ಮಂಥೋರು ಬಂದ್ರೆ ಜೀವ ಬಂದ ಹಾಗಾಗುತ್ತೆ. ಮೊದಲೆಲ್ಲ ಶನಿವಾರ ಇಲ್ಲಿ ನಿಲ್ಲೋಕೆ ಜಾಗ ಸಿಕ್ತಿರಲಿಲ್ಲ. ಈಗ ನಾಲ್ಕು ಜನ ಸೇರಿಸೋಕೂ ಮನೆಮನೆ ತಿರುಗಬೇಕು. ಶಾಲೇಲಿ ಮಕ್ಕಳಿಲ್ಲ, ಬೇಕರಿ ಮುಚ್ಚಿತು. ಈ ಊರಿನ ಜನ ಎಲ್ಲಿ ಹೋದ್ರು ಅಂತೀನಿ!"

ಕೆಲ್ವಿನ್ ಮೊಣಕಾಲು ಬಗ್ಗಿಸಲಿಲ್ಲ. ತೋಳು ಹಿಂದಕ್ಕೆ ಬೀಸಿ, ಮೈಯಲ್ಲಿದ್ದ ಕಸುವನ್ನೆಲ್ಲ ಹಾಕಿ ಒಗೆದ. ಚೆಂಡು ತಿರುಗಲೂ ಪುರುಸೊತ್ತಿಲ್ಲದೆ ನೇರ ನುಗ್ಗಿ, ಬಿಳಿ ಚೆಂಡನ್ನು ಹೊಡೆದುಕೊಂಡು ಅಂಚಿನ ಕಾಲುವೆಗೆ ಬಿತ್ತು. ಪಕ್ಕದ ಅಂಗಳದಲ್ಲಿ ಗ್ಲೆನಿಸ್ ತಲೆಯೆತ್ತಿ ನೋಡಿದಳು.

"ಅಬ್ಬಬ್ಬಾ!" ಹಾರ್ಕ್‌ನೆಸ್ ಚಪ್ಪಾಳೆ ತಟ್ಟಿದ. "ಇದು ಹೇಳಿಕೊಟ್ರೆ ಬರೋದಲ್ಲ! ನಿನ್ನ ಹೆಸರೇನು ಮಾರಾಯ?"

"ಜನ ಎಲ್ಲಿ ಹೋದ್ರು ಅಂತ ನಿನಗೆ ಗೊತ್ತಿಲ್ವಾ?" ಕೆಲ್ವಿನ್ ಕೇಳಿದ. ಜೀವಮಾನದಲ್ಲಿ ಮೊದಲ ಸಲ ಆ ಮನುಷ್ಯನನ್ನು ಅವನು ಏಕವಚನದಲ್ಲಿ ಮಾತಾಡಿಸಿದ್ದ. "ಮೂಳೆ ಬಿಡಿಸೋ ಮೇಜಿನವನು ನಾನು. ಕಾರ್ಖಾನೆ ಮುಚ್ಚಿತು ಅಂತ ನಮಗೆ ಹೇಳಿದ್ದು ರೇಡಿಯೋ. ಬುತ್ತಿ ಕಟ್ಟಿಕೊಳ್ತಾ ಇದ್ದೆ ನಾನು!"

ಹಾರ್ಕ್‌ನೆಸ್ಸನ ಕೈಗಳು ಚಪ್ಪಾಳೆಯ ನಡುವೆಯೇ ನಿಂತವು. "ಅದು... ನಾನು ಹತ್ತು ಗಂಟೆಗೆ ಸಭೆ ಇಟ್ಟಿದ್ದೆ. ಎಲ್ಲ ವಿವರವಾಗಿ ಹೇಳೋಣ ಅಂತ. ರೇಡಿಯೋದವರು ಬೆಳಗ್ಗೇನೇ ಬಾಯಿಬಿಟ್ರು."

"ಆ ಹತ್ತು ಗಂಟೆ ಸಭೆಗೆ ನಾವೆಲ್ಲ ಬಂದಿದ್ವಿ. ಊಟದ ಹೊತ್ತಿನವರೆಗೂ ಕಾದ್ವಿ. ನೀನೆಲ್ಲಿದ್ದೆ?"

ಹಾರ್ಕ್‌ನೆಸ್ ಟೋಪಿ ಸರಿಮಾಡಿಕೊಂಡ. ಕಾಲುವೆಯತ್ತ ನೋಡಿದ, ಕ್ಲಬ್ಬಿನ ಬಾಗಿಲತ್ತ ನೋಡಿದ. "ಚಹಾ ಆಗಿರಬೇಕು, ನೋಡಿ ಬರ್ತೀನಿ" ಎಂದು ಗೊಣಗಿ ಬೆನ್ನು ತಿರುಗಿಸಿದ.

"ಏಯ್!"

ಮುದುಕ ನಿಂತ. ಕೆಲ್ವಿನ್ ಬಗ್ಗಿ, ಉಳಿದಿದ್ದ ಕೊನೆಯ ಚೆಂಡನ್ನು ಕೈಗೆತ್ತಿಕೊಂಡಿದ್ದ.

"ಕಲಿಸ್ತೀನಿ ಅಂತ ಕರೆದಿದ್ದೀಯ. ಈ ಸಲನಾದ್ರೂ ಮುಗಿಯೋ ತನಕ ಎದುರಿಗೆ ನಿಂತ್ಕೋ."