ಬೆಲ್ಟಿನ ಬುಡ

"ರಾಹುಕಾಲಕ್ಕೆ ಹತ್ತೇ ನಿಮಿಷ ಇದೆ ಮೇಡಂ. ಸೈನ್ ಹಾಕಿ, ನಿಂಬೆಹಣ್ಣು ತುಳಿಸಿಬಿಡೋಣ," ಎಂದು ಹಳೇ ಕಾರುಗಳ ವ್ಯಾಪಾರಿ ದೇವರಾಜ್ ಪೆನ್ನು ಚಾಚಿದ. ನಾಲ್ಕು ಚಕ್ರಗಳ ಮುಂದೆಯೂ ನಿಂಬೆಹಣ್ಣು ಸಿದ್ಧವಾಗಿತ್ತು. ಕಲ್ಯಾಣಿ ಪೆನ್ನು ತೆಗೆದುಕೊಂಡಳು. ವಾರಕ್ಕೆ ಮೂರು ದಿನ ಅಮ್ಮನನ್ನು ಡಯಾಲಿಸಿಸ್‌ಗೆ ಕರೆದೊಯ್ಯಲು ದಾರಿಯಲ್ಲಿ ಕೈಕೊಡದ ಕಾರು ಬೇಕಿತ್ತು.

ಹಿಂದಿನ ಸೀಟಿನಲ್ಲಿ ಕೂತಿದ್ದ ಅಮ್ಮ ಈಶ್ವರಮ್ಮನ ಬಳಿಗೆ ಕಾರು ತೊಳೆಯುವ ನಾರಾಯಣಮ್ಮ ಬಂದಳು. "ಇರಿ ಅಮ್ಮ, ಬೆಲ್ಟ್ ಹಾಕ್ತೀನಿ," ಎಂದು ಎಳೆದಳು. ಸಾಕಷ್ಟು ಬಂದರೂ ನಿಲ್ಲಿಸದೆ, ಕೊನೆಯವರೆಗೂ ಎಳೆದು ಹಿಡಿದು ಕಲ್ಯಾಣಿಯ ಮುಖ ನೋಡಿದಳು. ಬೆಲ್ಟಿನ ಬುಡದಲ್ಲಿ ಒಣಗಿದ ಕೆಸರು ಗೆರೆ ಕಟ್ಟಿತ್ತು. ಕಾರು ಮಳೆನೀರಿನಲ್ಲಿ ಮುಳುಗಿ ಎದ್ದಿತ್ತು.

"ಏನ್ ಮಾಡ್ತಿದೀಯಮ್ಮ ಅಲ್ಲಿ?" ದೇವರಾಜ್ ತಿರುಗಿದ. ನಾರಾಯಣಮ್ಮ ಕೈಬಿಟ್ಟಳು; ಬೆಲ್ಟು ಸರ್ರನೆ ಒಳಗೆ ಸರಿಯಿತು.

ಕೆಸರಿನ ಮಾತೆತ್ತಿದರೆ ಅವಳ ಕೆಲಸ ಹೋಗುವುದು ಖಂಡಿತ. ಕಲ್ಯಾಣಿ ಪೆನ್ನಿನ ಮುಚ್ಚಳ ಹಾಕಿದಳು. "ಬೇಡ ಸಾರ್. ಅಮ್ಮಂಗೆ ಬಿಳಿ ಕಾರು ಆಗಿಬರಲ್ಲ."

ಮಡಿಲಿಗೆ ಉದುರಿದ್ದ ಮಣ್ಣಿನ ಪುಡಿಯನ್ನು ಸೆರಗಿನಿಂದ ಮೆಲ್ಲಗೆ ಒರೆಸುತ್ತ ಈಶ್ವರಮ್ಮ ಗೊಣಗಿದರು, "ಹೂಂ ಕಣಪ್ಪ. ಮನೇಲೇ ಹೇಳ್ದೆ. ಇವ್ಳು ನನ್ ಮಾತು ಕೇಳಿದ್ರೆ ತಾನೆ?"